ಕುರ್ಚಿಯಲ್ಲಿ ಆಡಿದ ಮಾತು

ಬೆಳಿಗ್ಗೆ ಬಕೆಟ್ ಹಿಡಿದು ಕೆಳಗಿನ ನಲ್ಲಿಗೆ ಬಂದ ಸೊಸೆ, ಮುಚ್ಚಿಹೋದ ದಿನಸಿ ಅಂಗಡಿಯ ಶಟರಿನ ಮೇಲೆ ಮಾವನ ಮುಖ ಕಂಡು ಹಿಗ್ಗಿದಳು. ಹೆಗಲ ಮೇಲೆ ಟವೆಲು, ಕೈಯಲ್ಲಿ ಬಾಚಣಿಗೆ, ಮುಖದಲ್ಲಿ ಎಂದಿನ ನಗು. ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ, "ಅಂಗಡಿ ಸಾಲು ಹೊಸದಾಗಲಿ! ಕಟಿಂಗ್ ಶಾಪಿನ ಹಿರಿಯರು ನಮ್ಮ ಜೊತೆಗಿದ್ದಾರೆ" ಎಂದಿತ್ತು. ಅಂತೂ ಮಾವ ಬಾಯಿ ಬಿಟ್ಟರಲ್ಲ ಎಂದುಕೊಂಡು ಪಕ್ಕದ ಶಟರಿನತ್ತ ತಿರುಗಿದರೆ, ಅಲ್ಲೂ ಅದೇ ಟವೆಲು, ಅದೇ ಬಾಚಣಿಗೆ, ಅದೇ ನಗು. ಕೆಳಗೆ ಮಾತ್ರ, "ನಮ್ಮ ಸಾಲು ನಮಗಿರಲಿ, ಒಡೆಯಲು ಬಿಡುವುದಿಲ್ಲ! ಕಟಿಂಗ್ ಶಾಪಿನ ಹಿರಿಯರು ನಮ್ಮ ಜೊತೆಗಿದ್ದಾರೆ." ಬಕೆಟ್ ತುಂಬಿ ಹರಿದು ಚಪ್ಪಲಿ ಒದ್ದೆಯಾಗುವವರೆಗೂ ಅವಳು ಒಮ್ಮೆ ಅದನ್ನೂ ಒಮ್ಮೆ ಇದನ್ನೂ ಓದುತ್ತ ನಿಂತಿದ್ದಳು.

ಕತ್ತಲೆ ಮೆಟ್ಟಿಲು ಹತ್ತಿ, ಅಂಗಡಿಯೊಳಗೆ ಬಕೆಟ್ ಇಳಿಸಿ ಅವಳು ಕೇಳಿದಳು. "ಮಾವ, ಕೆಳಗೆ ನಿಮ್ಮ ಫೋಟೋ ಹಾಕಿದ್ದಾರೆ."

"ಹೂಂ."

"ಎರಡು ಹಾಕಿದ್ದಾರೆ."

"ಹೂಂ ಕಣಮ್ಮ, ಗೊತ್ತು."

"ಒಂದು ಬೇಕು ಅನ್ನೋರದು, ಇನ್ನೊಂದು ಬೇಡ ಅನ್ನೋರದು!"

ಮಾವ ಕತ್ತರಿಯ ತಿರುಪಿಗೆ ಎಣ್ಣೆ ಬಿಡುತ್ತಿದ್ದವರು ತಲೆ ಎತ್ತಲಿಲ್ಲ. "ಮೇಷ್ಟ್ರು ಕಟಿಂಗಿಗೆ ಬಂದಾಗ, ನಿಮ್ಮ ಫೋಟೋ ಹಾಕ್ಕೊಳ್ಳಲಾ ಅಂದ್ರು. ಹೂಂ ಅಂದೆ. ಮರುದಿನ ಸಾಹುಕಾರ ಶೇವಿಂಗಿಗೆ ಬಂದು ಅದನ್ನೇ ಕೇಳಿದ. ಹೂಂ ಅಂದೆ."

"ಇಬ್ಬರಿಗೂ ಹೂಂ ಅಂದ್ರೆ ಹೇಗೆ ಮಾವ?"

"ಇಬ್ಬರೂ ಕುರ್ಚೀಲಿ ಕೂತಿದ್ರಲ್ಲಮ್ಮ," ಎಂದರು ಮಾವ, ಅದಕ್ಕಿಂತ ದೊಡ್ಡ ಸಮಜಾಯಿಷಿ ಈ ಲೋಕದಲ್ಲೇ ಇಲ್ಲವೆನ್ನುವಂತೆ.

ಮಾವನ ಮಟ್ಟಿಗೆ ನಿಜವಾಗಿಯೂ ಇರಲಿಲ್ಲ. ಕಸುಬು ಕಲಿಸಿದ ಅಪ್ಪ, ಕತ್ತಿ ಹಿಡಿಯುವುದಕ್ಕೂ ಮೊದಲು ಅವರಿಗೆ ಹೇಳಿಕೊಟ್ಟ ಪಾಠ ಅದೊಂದೇ: ಕುರ್ಚಿಯಲ್ಲಿ ಕೂತವನ ಜೊತೆ ವಾದ ಮಾಡಬೇಡ. ಅವನ ಕುತ್ತಿಗೆ ನಿನ್ನ ಕೈಯಲ್ಲಿರುತ್ತೆ. ನೀನು ಅಲ್ಲ ಅಂದರೆ ಅವನು ತಿರುಗುತ್ತಾನೆ, ತಿರುಗಿದರೆ ಕೊಯ್ಯುತ್ತೆ. ಅಂದಿನಿಂದ ಇಂದಿನವರೆಗೆ ಮಾವ ಯಾರ ಮಾತಿಗೂ ಅಲ್ಲ ಅಂದವರಲ್ಲ. ಮಳೆ ಬರುತ್ತೆ ಅಂದವನಿಗೂ ಹೂಂ, ಬರಲ್ಲ ಅಂದವನಿಗೂ ಹೂಂ. ಗಂಡನನ್ನು ಬೈದವಳಿಗೂ ಹೂಂ, ಹೆಂಡತಿಯನ್ನು ಬೈದವನಿಗೂ ಹೂಂ. ಬಡಾವಣೆಯವರು ಅವರಿಗೆ ಪ್ರೀತಿಯಿಂದ ಹೂಂಗುಟ್ಟಪ್ಪ ಎಂದು ಹೆಸರಿಟ್ಟಿದ್ದರು. ಅಭ್ಯಾಸ ಬಲಿತು ಮನೆಯೊಳಕ್ಕೂ ಬಂದಿತ್ತು, ಅದು ಮಾತ್ರ ಯಾರಿಗೂ ಅಷ್ಟು ಪ್ರೀತಿಯ ವಿಷಯವಾಗಿರಲಿಲ್ಲ.

ಅಂಗಡಿ ಸಾಲಿನ ಕಥೆ ಇಷ್ಟು. ಒಂದು ಕಾಲಕ್ಕೆ ಬಡಾವಣೆಗೆಲ್ಲ ಅದೇ ಪೇಟೆ. ಕೆಳಗೂ ಮಹಡಿಯಲ್ಲೂ ಅಂಗಡಿ, ಎದುರಿಗೆ ಬಯಲು. ಈಗ ಕೆಳಗೆ ಅರ್ಧದಷ್ಟು ಅಂಗಡಿಗಳ ಶಟರು ಇಳಿದಿವೆ, ಮಹಡಿಯಲ್ಲಿ ಪಾರಿವಾಳ ಸಂಸಾರ ಹೂಡಿವೆ. ಮೇಲಿನ ಪೈಪು ತುಕ್ಕು ಹಿಡಿದು ನೀರು ಹತ್ತುವುದಿಲ್ಲ. ಮಹಡಿಯಲ್ಲಿ ಉಳಿದವರೆಂದರೆ ಒಬ್ಬ ಟೈಲರು ಮತ್ತು ಈ ಕಟಿಂಗ್ ಶಾಪು. ಆ ಶಾಪಿನ ಹಿಂಭಾಗದಲ್ಲಿ, ಒಂದು ಪರದೆಯಾಚೆ, ಸೊಸೆಯ ಬ್ಯೂಟಿ ಪಾರ್ಲರು. ಅವಳ ಕೈ ಬಲು ಚೆನ್ನ ಎಂದು ಬಡಾವಣೆಯ ಹೆಂಗಸರೆಲ್ಲ ಬಲ್ಲರು. ಆದರೆ ಮುಖಕ್ಕೆ ನೊರೆ ಬಳಿದುಕೊಂಡು ಕೂತ ಗಂಡಸರ ನಡುವೆ ಹಾದು ಒಳಗೆ ಬರಲು ಅರ್ಧಕ್ಕರ್ಧ ಮಂದಿಗೆ ಸಂಕೋಚ. ತನ್ನದೇ ಒಂದು ಅಂಗಡಿ, ರಸ್ತೆಗೆ ತೆರೆದ ತನ್ನದೇ ಬಾಗಿಲು, ಇಷ್ಟೇ ಅವಳ ಆಸೆ.

ಆ ಆಸೆಗೆ ಈಗ ಮೊದಲ ಸಲ ಒಂದು ದಾರಿ ಕಂಡಿತ್ತು. ನಗರಸಭೆಯ ಯೋಜನಾ ಸಮಿತಿ ಈ ಜಾಗವನ್ನು ಪುನರಭಿವೃದ್ಧಿ ವಲಯವೆಂದು ಘೋಷಿಸುವ ಯೋಚನೆಯಲ್ಲಿತ್ತು. ಘೋಷಣೆಯಾದರೆ ಹಳೆಯದನ್ನು ಕೆಡವಿ ಹೊಸದು ಕಟ್ಟುತ್ತಾರೆ. ಕೆಳಗೆ ಅಂಗಡಿ, ಮೇಲೆ ಮನೆ, ಈಗಿರುವ ಅಂಗಡಿಯವರಿಗೇ ಮೊದಲ ಹಕ್ಕು. ಷರತ್ತು ಒಂದೇ: ತಿಂಗಳ ಕೊನೆಯ ಅಹವಾಲು ಸಭೆಯಲ್ಲಿ ಬಡಾವಣೆಯ ಜನರೇ ಎದ್ದು ನಿಂತು ಬೇಕು ಎನ್ನಬೇಕು. ಎನ್ನದಿದ್ದರೆ ಯೋಜನೆ ಇನ್ನೊಂದು ಬಡಾವಣೆಯ ಪಾಲು. ಬೇಕು ಅನ್ನುವವರ ಮುಂದಾಳು ನಿವೃತ್ತ ಮೇಷ್ಟ್ರು, ಬೇಡ ಅನ್ನುವವರ ಮುಂದಾಳು ಕೆಳಗಿನ ಹಾರ್ಡ್‌ವೇರ್ ಅಂಗಡಿಯ ಸಾಹುಕಾರ. ಇಬ್ಬರ ನಡುವೆ, ಅಡ್ಡಗೋಡೆಯ ಮೇಲಿಟ್ಟ ದೀಪದ ಹಾಗೆ, ಮಾವ.

ರಾತ್ರಿ ಊಟಕ್ಕೆ ಅತ್ತೆ ತಟ್ಟೆ ಹಾಕುತ್ತಲೇ ಶುರು ಮಾಡಿದರು. "ಗೋಡೆಗೆ ಎರಡು ಮುಖ ಅಂಟಿಸಿಕೊಂಡಿರೋ ಗಂಡನ್ನ ಕಟ್ಟಿಕೊಂಡಿದ್ದೀನಿ. ಯಾವ ಮುಖಕ್ಕೆ ಬಡಿಸಲಿ ರೀ?"

ಮಾವ ನಕ್ಕು ತಟ್ಟೆ ಮುಂದೆ ಮಾಡಿದರು. ಮಗ, ಎಂದರೆ ಸೊಸೆಯ ಗಂಡ, ಸಿಟಿ ಬಸ್ಸಿನ ಡ್ರೈವರು. ಅವನು ತಟ್ಟೆಯೊಳಗೇ ತಲೆ ಹುದುಗಿಸಿದ.

"ನೀವಾದ್ರೂ ಏನಾದ್ರೂ ಹೇಳ್ರೀ," ಎಂದಳು ಸೊಸೆ.

"ನಾನು ಡ್ರೈವರು ಕಣೇ. ಎಡಕ್ಕೂ ನೋಡಬೇಕು, ಬಲಕ್ಕೂ ನೋಡಬೇಕು. ಮುಂದೆ ದಾರಿ ಇದ್ರೆ ಮಾತ್ರ ಹೋಗ್ತೀನಿ."

"ಅಪ್ಪನಿಗೆ ತಕ್ಕ ಮಗ," ಎಂದರು ಅತ್ತೆ. "ನನ್ನ ಕೇಳಿದ್ರೆ ನಾನು ಬೇಡ ಅಂತೀನಿ, ನೆಟ್ಟಗೆ. ಈ ಮನೆ ಉಂಡಿದ್ದು ಆ ಅಂಗಡಿಯಿಂದ. ಇರೋದನ್ನ ಒಡೆದು ಇಲ್ಲದ್ದಕ್ಕೆ ಬಾಯಿ ಬಿಟ್ಕೊಂಡು ಕಾಯೋದಾ? ಒಡೆಯೋಕೆ ಬರೋರು ಬೇಕಾದಷ್ಟು ಜನ, ಕಟ್ಟೋಕೆ ಬರೋರು ಯಾರು?"

"ಅತ್ತೆ, ದಿನಾ ನೀರು ಹೊರೋಳು ನಾನು. ಊರ ಆಚೆ ತುದಿ ಪಾರ್ಲರಿನವರು ಸಂಬಳಕ್ಕೆ ಕರೀತಿದ್ದಾರೆ. ತಿಂಗಳ ಕೊನೆಗೆ ಹೇಳಬೇಕು. ಈ ವಲಯ ಆಗಲಿಲ್ಲ ಅಂದ್ರೆ ನಾನು ಅಲ್ಲಿಗೇ ಹೋಗೋಳು."

ಅತ್ತೆಯ ಸೌಟು ಅಲ್ಲೇ ನಿಂತಿತು. "ಇನ್ನೊಬ್ಬರ ಬೋರ್ಡಿನ ಕೆಳಗೆ, ಅವರು ಕೊಟ್ಟ ಸಮವಸ್ತ್ರ ಹಾಕ್ಕೊಂಡು?"

"ಪರದೆ ಹಿಂದೆ ಇರೋದಕ್ಕಿಂತ ವಾಸಿ ಅಲ್ವಾ?"

"ಹೂಂ," ಎಂದರು ಮಾವ, ಅಭ್ಯಾಸಬಲದಿಂದ. ಮೂವರೂ ಅವರತ್ತ ತಿರುಗಿದರು. ಅವರು ನೀರು ಕುಡಿದು ಎದ್ದರು.

ಸೊಸೆಯ ಜಾಯಮಾನ ಸುಮ್ಮನೆ ಕೂರುವಂಥದ್ದಲ್ಲ. ಅಂಗಡಿಗೆ ರಜೆ ಇದ್ದ ದಿನ ಮೇಷ್ಟ್ರ ಜೊತೆ ಮನೆಮನೆ ತಿರುಗಿದಳು. ಮೇಷ್ಟ್ರದು ಉದ್ದ ಭಾಷಣ, ಇವಳದು ಗಿಡ್ಡ ಪ್ರಶ್ನೆ: ಬರ್ತೀರಾ, ಎದ್ದು ನಿಂತು ಬೇಕು ಅಂತೀರಾ? ಎಲ್ಲ ಬಾಗಿಲಲ್ಲೂ ಒಂದೇ ಉತ್ತರ ಸಿಕ್ಕಿತು. "ನಮಗೇನೋ ಬೇಕು ಕಣಮ್ಮ. ಪಕ್ಕದ ಮನೆಯವರಿಗೆ ಬೇಡವಂತೆ. ಸುಮ್ಮನೆ ನಿಷ್ಠುರ ಯಾಕೆ?" ಪಕ್ಕದ ಮನೆಗೆ ಹೋದರೆ ಅವರೂ, "ನಮಗೇನೋ ಬೇಕು, ಈ ಪಕ್ಕದವರದೇ ಯೋಚನೆ" ಎಂದು ಬಾಗಿಲ ಸಂದಿಯಿಂದ ಮೊದಲಿನವರ ಮನೆ ತೋರಿಸಿದರು. ಎಲ್ಲರಿಗೂ ಬೇಕು, ಬೆಕ್ಕಿಗೆ ಗಂಟೆ ಕಟ್ಟುವವರು ಮಾತ್ರ ಬೇರೆ ಯಾರಾದರೂ ಆಗಬೇಕು.

ಕೊನೆಯ ಮನೆಯ ನರ್ಸಮ್ಮ ನಕ್ಕೇಬಿಟ್ಟಳು. "ನಿಮ್ಮ ಮಾವನೇ ಎರಡೂ ಕಡೆ ಇದ್ದಾರಲ್ಲ. ನಾವೂ ಹಾಗೇ ಇದ್ದುಬಿಡ್ತೀವಿ ಬಿಡಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಆ ಮಾತು ಸೊಸೆಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಮಾವನ ಎದುರು ನಿಂತಳು. ಮಾವ ಬಟ್ಟೆ ಮಡಿಸುತ್ತಿದ್ದರು.

"ಮಾವ, ನಿಮ್ಮಿಂದ ನನಗೆ ತಲೆ ಎತ್ತಿ ತಿರುಗಕ್ಕಾಗ್ತಿಲ್ಲ. ಎರಡು ದೋಣೀಲಿ ಕಾಲಿಟ್ಟು ನಿಂತಿದ್ದೀರಲ್ಲ, ಮುಳುಗೋದು ನಾನು!"

"ಹೂಂ. ನೀನು ಹೇಳೋದೂ ಸರೀನೇ."

"ಸರಿ ಅನ್ನಬೇಡಿ!" ಅವಳ ದನಿ ಏರಿತು. ಮದುವೆಯಾಗಿ ಬಂದಂದಿನಿಂದ ಮಾವನ ಎದುರು ಅವಳು ದನಿ ಏರಿಸಿದ್ದು ಅದೇ ಮೊದಲು. "ಒಂದು ಸಲ ತಪ್ಪು ಅನ್ನಿ. ಬಾಯಿ ಮುಚ್ಚು ಅನ್ನಿ. ಬೈಯಿರಿ ಬೇಕಾದ್ರೆ. ನಿಮ್ಮ ಮನಸ್ಸಲ್ಲಿ ಏನಿದೆ ಅಂತ ಈ ಮನೇಲಿ ಒಬ್ಬರಿಗಾದ್ರೂ ಗೊತ್ತಾಗಲಿ!"

ಅತ್ತೆ ಅಡುಗೆಮನೆಯಿಂದ ಇಣುಕಿದರು. ಬೈಯುತ್ತಾರೆ ಎಂದುಕೊಂಡರೆ, "ಸರಿಯಾಗಿ ಕೇಳಿದೆ ಕಣೇ," ಎಂದು ಮತ್ತೆ ಒಳಗೆ ಹೋದರು. ಮಾವ ಮಡಿಸಿದ ಅಂಗಿಯನ್ನೇ ಬಿಚ್ಚಿ ಮತ್ತೊಮ್ಮೆ ಮಡಿಸಿದರು. ಸೊಸೆ ಕೋಣೆಗೆ ಹೋಗಿ ಅತ್ತಳು, ಅತ್ತಿದ್ದಕ್ಕೆ ತನ್ನ ಮೇಲೇ ಸಿಟ್ಟು ಮಾಡಿಕೊಂಡಳು.

ಮರುದಿನ ಅವಳು ಅಂಗಡಿಗೆ ಬಂದಾಗ ಬಕೆಟ್ ಇರಲಿಲ್ಲ. ಮಾವ ತಾವೇ ನೀರಿಗೆ ಇಳಿದಿದ್ದರು. ಕ್ಷಮೆ ಕೇಳಲು ಬಾಯಿಲ್ಲದವರು ಕೈಯಿಂದ ಕೇಳುತ್ತಾರೆ. ತುಂಬಿದ ಬಕೆಟ್ ಹೊತ್ತು ಮೆಟ್ಟಿಲು ಹತ್ತುವಾಗ, ಎಂದೋ ಒಡೆದಿದ್ದ ಮೆಟ್ಟಿಲೊಂದರ ಅಂಚು ಕಾಲಡಿ ಜರಿಯಿತು. ಬಕೆಟ್ ಉರುಳಿದ ಸದ್ದಿಗೆ ಪಾರಿವಾಳಗಳೆಲ್ಲ ಎದ್ದವು. ಸೊಸೆ ಓಡಿ ಬಂದಾಗ ಮಾವ ನೀರಿನ ಮಧ್ಯೆ ಕೂತು ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು.

"ನೋವಾ ಮಾವ?"

"ಹೂಂ," ಎಂದರು ಮಾವ. ಆ ಹೂಂ ಮಾತ್ರ ನಿಜವಾದದ್ದೆಂದು ಅವಳಿಗೆ ಗೊತ್ತಾಯಿತು.

ಮೂಳೆ ಮುರಿದಿರಲಿಲ್ಲ, ಉಳುಕಿತ್ತು. ಡಾಕ್ಟರು ಪಟ್ಟಿ ಸುತ್ತಿ, ಕತ್ತರಿ ಮುಟ್ಟಕೂಡದು ಎಂದರು. ಅಂಗಡಿಯ ಮುಂದಿನ ಭಾಗ ಮುಚ್ಚಿತು. ಮನೆಯಲ್ಲಿ ಕೂತ ಗಂಡನನ್ನು ನೋಡಿ ನೋಡಿ ಅತ್ತೆಯ ಸಿಟ್ಟು ದಿಕ್ಕು ಬದಲಿಸಿತು.

"ಹಾಳಾದ ಮೆಟ್ಟಿಲು!" ಆಲೂಗಡ್ಡೆ ಹೆಚ್ಚುತ್ತ ಅವರು ಗುಡುಗಿದರು. "ಒಡೀಲಿ ಅದನ್ನ. ಯಾರೂ ಬರದಿದ್ರೆ ನಾನೇ ಹಾರೆ ತಗೊಂಡು ಹೋಗ್ತೀನಿ."

"ಮೊನ್ನೆ ತಾನೆ ಬೇಡ ಅಂದ್ರಿ ಅತ್ತೆ?"

"ಮೊನ್ನೆ ನನ್ನ ಗಂಡ ಬಿದ್ದಿರಲಿಲ್ಲ. ಬುದ್ಧಿ ಬಂದ ಮೇಲೂ ಹಳೇ ಮಾತನ್ನೇ ಆಡೋಕೆ ನಾನೇನು ಹಾರ್ಡ್‌ವೇರ್ ಸಾಹುಕಾರನಾ?"

ಮನೆಯೊಳಗೆ ಹೀಗೆ ಒಂದು ಮತ ಗೆದ್ದಾಯಿತು. ಊರಿನ ಮತ ಇನ್ನೂ ಬಾಗಿಲ ಸಂದಿಯಲ್ಲೇ ಇತ್ತು. ಅಷ್ಟರಲ್ಲಿ ಇನ್ನೊಂದು ಸಂಕಟ ಬೆಳೆಯಿತು, ಮಾವನ ಗಡ್ಡ. ಬೆಳಗಾಗುತ್ತಲೇ ಕೆನ್ನೆ ನುಣ್ಣಗೆ ಮಾಡಿಕೊಳ್ಳದೆ ಟೀ ಮುಟ್ಟಿದವರಲ್ಲ ಅವರು. ಈಗ ಮುಖದ ತುಂಬ ಬಿಳಿ ಕೂಳೆ. ಅತ್ತೆಗೆ ಅದನ್ನು ನೋಡಲಾಗಲಿಲ್ಲ.

"ಸಭೆಗೆ ಈ ಮುಖ ಹೊತ್ಕೊಂಡು ಹೋದ್ರೆ, ಕಟಿಂಗ್ ಶಾಪಿನೋರ ಮನೇಲೇ ಬ್ಲೇಡಿಗೆ ಬರ ಅಂತಾರೆ. ಇನ್ನೊಬ್ಬ ಕಟಿಂಗಿನೋನ ಹತ್ರ ಹೋದ್ರೆ ಮಾನ ಹೋಗುತ್ತೆ."

"ನಾನು ಮಾಡ್ಲಾ ಅಮ್ಮಾ?" ಎಂದ ಮಗ.

"ನೀನು ಗೇರು ಹಾಕಿದ ಹಾಗೆ ಎಳೀತೀಯ, ಬೇಡ. ಏ ಹುಡುಗಿ, ನೀನೇ ಮಾಡು. ಮುಖದ ಕೆಲಸ ನಿನಗೆ ಹೊಸದಾ? ನಾನೂ ಬಂದು ಪಕ್ಕದಲ್ಲೇ ಕೂತಿರ್ತೀನಿ."

ಹೀಗೆ ಒಂದು ಮಧ್ಯಾಹ್ನ, ಮುಚ್ಚಿದ ಅಂಗಡಿಯ ಬಾಗಿಲು ತೆರೆದು, ಮೂವರೂ ಒಳಗೆ ಹೋದರು. ಅತ್ತೆ ಗಿರಾಕಿಗಳ ಬೆಂಚಿನ ಮೇಲೆ ಬೀನ್ಸಿನ ಚೀಲ ಇಟ್ಟುಕೊಂಡು ನಾರು ಬಿಡಿಸತೊಡಗಿದರು. ಮಾವ ಕುರ್ಚಿಯ ಪಕ್ಕ ನಿಂತೇ ಇದ್ದರು. ಅಪ್ಪ ಹೋದಮೇಲೆ ಅವರು ಆ ಕುರ್ಚಿಯಲ್ಲಿ ಗಿರಾಕಿಯಾಗಿ ಕೂತದ್ದೇ ಇಲ್ಲ. ತಮ್ಮ ಗಡ್ಡ ತಾವೇ, ಕನ್ನಡಿಯೆದುರು ನಿಂತೇ.

"ಕೂತ್ಕೊಳ್ಳಿ ಮಾವ."

ಕೂತರು. ಸೊಸೆ ಟವೆಲು ಕಟ್ಟಿ, ಕೆನ್ನೆಗೆ ಬಿಸಿನೀರು ಹಚ್ಚಿ, ಬ್ರಷ್ಷಿನಿಂದ ನೊರೆ ಎಬ್ಬಿಸಿದಳು. ಬ್ಲೇಡು ಕಿವಿಯ ಹತ್ತಿರ ಇಳಿಯಿತು.

"ಈ ಕುರ್ಚಿ ಇಷ್ಟು ತಗ್ಗಾಗಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ," ಎಂದರು ಮಾವ.

ಸೊಸೆಯ ಬಾಯಿಗೆ ಏನೇನೋ ಉತ್ತರ ಬಂತು. ಆದರೆ ಬ್ಲೇಡು ಅವಳ ಕೈಯಲ್ಲಿತ್ತು, ಕುತ್ತಿಗೆ ಮಾವನದಾಗಿತ್ತು. ಅವಳು, "ಹೂಂ," ಎಂದಳು.

ಆ ಹೂಂ ಏನು ಮಾಡಿತೋ! ಮಾವನ ಹೆಗಲು ಸಡಿಲವಾಯಿತು. "ಈ ಕಟ್ಟಡ ನನಗೆ ಇಷ್ಟ ಇಲ್ಲ ಕಣಮ್ಮ."

"ಹೂಂ."

"ನನ್ನ ವಯಸ್ಸಿನೋರಿಗೆ ಮೆಟ್ಟಿಲು ಹತ್ತಕ್ಕಾಗಲ್ಲ. ಕೆಳಗೆ ನಿಂತು ಮೇಲೆ ನೋಡ್ತಾರೆ, ಕೈ ಆಡಿಸ್ತಾರೆ, ಹೋಗ್ತಾರೆ. ನಾನು ಕಿಟಕೀಲಿ ನಿಂತು ಕೈ ಆಡಿಸ್ತೀನಿ. ಅವರ ಗಡ್ಡಾನ ಈಗ ಯಾರು ಮಾಡ್ತಾರೋ ಗೊತ್ತಿಲ್ಲ."

"ಹೂಂ."

"ನೀನು ನೀರು ಹೊತ್ಕೊಂಡು ಬರೋದನ್ನ ದಿನಾ ನೋಡ್ತೀನಿ. ನಾಚಿಕೆ ಆಗುತ್ತೆ. ಇಂಥ ಕೈ ಇರೋ ಹುಡುಗೀನ ಪರದೆ ಹಿಂದೆ ಇಟ್ಟಿದ್ದೀನಲ್ಲ ಅನ್ಸುತ್ತೆ. ಹೇಳ್ಬೇಕು ಅಂತ ಬಾಯಿ ತೆಗೀತೀನಿ, ಹೂಂ ಅಂತ ಬರುತ್ತೆ."

ಬೀನ್ಸಿನ ಸದ್ದು ನಿಂತಿತ್ತು. ಕಣ್ಣು ಮಂಜಾದ ಸೊಸೆ, ಕೆನ್ನೆಯಿಂದ ಬ್ಲೇಡು ಎತ್ತಿ, ತೋಳಿಗೆ ಕಣ್ಣೊರೆಸಿಕೊಂಡು, ಮತ್ತೆ ಹೂಂ ಎಂದಳು. ನಾಲ್ಕು ಗೋಡೆಯೊಳಗೆ ವರ್ಷಗಟ್ಟಲೆ ಒಟ್ಟಿಗೆ ಉಂಡು ಕೇಳದ ಮಾತನ್ನು ಅವಳು ಅಂದು ಒಂದು ಗಡ್ಡದ ಹೊತ್ತಿನಲ್ಲಿ ಕೇಳಿದಳು.

"ಎಲ್ಲರಿಗೂ ಹೊಸದು ಬೇಕು ಕಣಮ್ಮ," ಮಾವ ಮುಂದುವರಿಸಿದರು. "ಒಬ್ಬೊಬ್ಬರೇ ಬಂದು, ಇದೇ ಕುರ್ಚೀಲಿ ಕೂತು, ದನಿ ತಗ್ಗಿಸಿ ಹೇಳ್ತಾರೆ. ಎಲ್ಲರಿಗೂ ಪಕ್ಕದವನ ಭಯ. ಪಕ್ಕದವನೂ ಬಂದು ಅದನ್ನೇ ಹೇಳಿ ಹೋಗಿರ್ತಾನೆ."

ಇಲ್ಲಿ ಸೊಸೆ ಕಸುಬಿನ ಕಟ್ಟಳೆ ಮರೆತಳು. "ಯಾರು ಯಾರು ಮಾವ? ಹೇಳಿ!"

ಮಾವ ಎಡಗೈ ಆಡಿಸಿದರು. "ಅದು ಆಗಲ್ಲ. ಕುರ್ಚೀಲಿ ಆಡಿದ ಮಾತು ಕೂದಲಿನ ಜೊತೆ ಗುಡಿಸಿ ಹೋಗಬೇಕು. ನಮ್ಮಪ್ಪ ಹೇಳಿದ್ದು."

"ಸಾಹುಕಾರನೂ ಹೇಳಿದ್ನಾ?" ಎಂದರು ಅತ್ತೆ ಬೆಂಚಿನಿಂದ.

ಮಾವ ಕನ್ನಡಿಯಲ್ಲಿ ಕಣ್ಣು ತಪ್ಪಿಸಿದರು.

"ಹೇಳಿದಾನೆ!" ಅತ್ತೆ ಬೀನ್ಸು ಚೆಲ್ಲಿ ಎದ್ದೇಬಿಟ್ಟರು. "ಇವರ ಕಿವಿ ಕೆಂಪಾಯ್ತು ನೋಡೇ! ಸುಳ್ಳು ಹೇಳೋಕೂ ಬರಲ್ಲ, ನಿಜ ಹೇಳೋಕೂ ಬರಲ್ಲ, ಎಂಥ ಗಂಡನಪ್ಪಾ!"

"ಮಾವ," ಸೊಸೆ ಮೆತ್ತಗೆ ಕೇಳಿದಳು, "ಅವರ ಮಾತು ಬೇಡ. ಈಗ ಹೇಳಿದ್ರಲ್ಲ, ನಿಮ್ಮ ಮಾತು, ಅದನ್ನ ಸಭೇಲಿ ಹೇಳ್ತೀರಾ?"

"ಎದುರು ನಿಂತು ಮಾತಾಡಿ ನನಗೆ ಅಭ್ಯಾಸ ಇಲ್ಲಮ್ಮ," ಎಂದರು ಮಾವ. ಹೂಂ ಎನ್ನಲಿಲ್ಲ. ಅಷ್ಟರಮಟ್ಟಿಗೆ ಅದೊಂದು ಮುನ್ನಡೆಯೇ ಎಂದುಕೊಂಡು ಸೊಸೆ ಮುಖಕ್ಕೆ ತಣ್ಣೀರು ತಟ್ಟಿದಳು.

ಅಹವಾಲು ಸಭೆ ನಡೆದದ್ದು ಶಾಲೆಯ ಹಾಲಿನಲ್ಲಿ. ಬಡಾವಣೆಗೆ ಬಡಾವಣೆಯೇ ನೆರೆದಿತ್ತು, ಆದರೆ ಎಲ್ಲರೂ ಹಿಂದಿನ ಸಾಲಿಗೆ ಜಗಳ. ಡ್ರೈವರು ಡ್ಯೂಟಿ ಬದಲಾಯಿಸಿಕೊಂಡು ಬಂದಿದ್ದ. ವೇದಿಕೆಯ ಮೇಲೆ ಸಮಿತಿಯವರು. ಅಧ್ಯಕ್ಷೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನೋಡುವ ಹೆಂಗಸು, ಮಾತು ಚುಟುಕು.

ಮೇಷ್ಟ್ರು ಮೊದಲು ಮಾತಾಡಿದರು. ಅಧ್ಯಕ್ಷೆ ಎರಡು ಸಲ ಗಂಟೆ ಒತ್ತಿದ ಮೇಲೆ ನಿಂತರು. ಸಾಹುಕಾರ ಎದ್ದು, "ಧೂಳು, ಗಲಾಟೆ, ವ್ಯಾಪಾರ ನಷ್ಟ. ಒಡೆದ ಮೇಲೆ ಅರ್ಧಕ್ಕೆ ಬಿಟ್ಟುಹೋದ್ರೆ ಕೇಳೋರ್ಯಾರು?" ಎಂದು ಕೂತ.

"ಬಡಾವಣೆಯವರು ಬೇರೆ ಯಾರಾದರೂ?" ಅಧ್ಯಕ್ಷೆ ಕೇಳಿದರು.

ಯಾರೂ ಇಲ್ಲ. ಪಕ್ಕದವನು ಪಕ್ಕದವನನ್ನು ನೋಡಿದ. ಸೊಸೆ ತಡೆಯಲಾರದೆ ಎದ್ದಳು. "ನನಗೆ ಬೇಕು ಮೇಡಂ. ನಾನು ಅಲ್ಲೇ ಕೆಲಸ ಮಾಡೋಳು. ನೀರಿಲ್ಲ, ಮೆಟ್ಟಿಲಿಲ್ಲ, ಬೆಳಕಿಲ್ಲ. ಈ ಯೋಜನೆ ಕೈತಪ್ಪಿದ್ರೆ ನಾನೂ ಊರ ಆಚೆ ತುದಿಗೆ ಹೋಗಬೇಕು." ಪೂರ್ತಿ ಹೇಳಿದ ಮೇಲೆಯೇ ಕೂತಳು. ಅತ್ತೆ ಪಕ್ಕದಿಂದ, "ನನಗೂ ಬೇಕು, ಬರ್ಕೊಳ್ಳಿ," ಎಂದು ಕೂತಲ್ಲಿಂದಲೇ ಕೂಗಿದರು. ಬೇರೆ ಯಾರೂ ಏಳಲಿಲ್ಲ.

ಅಧ್ಯಕ್ಷೆ ಮುಂದಿನ ಕಾಗದಗಳನ್ನು ಸರಿಪಡಿಸಿಕೊಂಡರು. "ಬೆಂಬಲ ಇದೆ ಅಂತ ನನಗೆ ಕಾಣ್ತಿಲ್ಲ. ಹಾಗಾದರೆ ಈ ಪ್ರಸ್ತಾಪ..."

"ಒಂದು ನಿಮಿಷ ಅಮ್ಮಾ."

ಮಾವ ಎದ್ದಿದ್ದರು. ಪಟ್ಟಿ ಸುತ್ತಿದ ಕೈ ಎದೆಗೆ ಒತ್ತಿಕೊಂಡು, ಮೈಕಿನತ್ತ ನಡೆದರು. ನಮ್ಮವರು ಬಂದರು ಎಂದು ಮೇಷ್ಟ್ರ ಕಡೆಯವರೂ ಚಪ್ಪಾಳೆ ತಟ್ಟಿದರು, ಸಾಹುಕಾರನ ಕಡೆಯವರೂ ತಟ್ಟಿದರು. ಮಾವ ಮೈಕಿನ ಮುಂದೆ ನಿಂತು ಜನರನ್ನು ನೋಡಿದರು. ಜನ ಅವರನ್ನು ನೋಡಿತು.

"ನನಗೆ ಎದುರು ನಿಂತು ಮಾತಾಡಿ ಗೊತ್ತಿಲ್ಲ," ಎಂದರು ಕೊನೆಗೂ. "ನಿಮ್ಮ ಬೆನ್ನ ಹಿಂದೆ ನಿಂತು ಹೂಂ ಅಂದೇ ಇಷ್ಟು ವರ್ಷ ಕಳೆದೆ. ಮೇಷ್ಟ್ರು ಕೇಳಿದ್ರು, ಹೂಂ ಅಂದೆ. ಸಾಹುಕಾರ ಕೇಳಿದ, ಹೂಂ ಅಂದೆ. ಅದು ತಪ್ಪು. ಎರಡು ಕಡೆಯೂ ನನ್ನ ಫೋಟೋ ಕಿತ್ತು ಹಾಕಿ."

ಹಾಲಿನಲ್ಲಿ ಗುಸುಗುಸು ಎದ್ದಿತು.

"ನನ್ನ ಮಾತು ಇದು: ಬೇಕು. ಆ ಕಟ್ಟಡ ಹೋಗಬೇಕು, ಹೊಸದು ಬರಬೇಕು. ನನ್ನ ಗಿರಾಕಿ ಅರ್ಧ ಹೋದ್ರೂ ಸರಿ, ನಾನು ಹೇಳೋದು ಇದೇ." ಮಾವ ಹಿಂದಿನ ಸಾಲುಗಳತ್ತ ತಿರುಗಿದರು. "ಇನ್ನು ನೀವು. ನೀವೆಲ್ಲ ನನ್ನ ಕುರ್ಚೀಲಿ ಕೂತೋರು. ಏನೇನು ಹೇಳಿದ್ದೀರಿ ಅಂತ ನನಗೆ ಗೊತ್ತು. ನಾನು ಹೇಳಲ್ಲ, ಹೆದರಬೇಡಿ. ಆದರೆ ಏನು ಹೇಳಿದ್ರಿ ಅಂತ ನಿಮಗೂ ಗೊತ್ತಿದೆ ಅಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹಾಲಿನ ಗಂಡಸರೆಲ್ಲ ಅಂದು ಕೆನ್ನೆ ಮುಟ್ಟಿ ನೋಡಿಕೊಂಡರು. ಯಾರ್ಯಾರು ಹೆಂಡತಿಯ ಬಗ್ಗೆ, ಯಾರ್ಯಾರು ಮೇಲಧಿಕಾರಿಯ ಬಗ್ಗೆ, ಏನೇನು ಆಡಿದ್ದರೋ ಎಲ್ಲವೂ ಒಮ್ಮೆಗೇ ನೆನಪಾಗಿ ಮುಖಗಳು ಹುಳ್ಳಗಾದವು. ಹೆಂಗಸರು ತಂತಮ್ಮ ಗಂಡಂದಿರತ್ತ ತಿರುಗಿದರು. ಮಾವ ಅದೇ ನಗುಮುಖದಲ್ಲಿ ಸಾಲಿನ ಮೇಲೆ ಸಾಲು ನೋಡುತ್ತ ಬಂದರು, ನೋಟ ಸಾಹುಕಾರನ ಮೇಲೆ ಬಂದು ನಿಂತಿತು.

"ಏಯ್, ನೀನು ಹೇಳಬೇಡ!" ಸಾಹುಕಾರ ಕುರ್ಚಿ ಉರುಳಿಸಿಕೊಂಡು ಎದ್ದ. "ನಾನೇ ಹೇಳ್ತೀನಿ. ಹೌದು, ಹೇಳಿದ್ದೆ. ನನಗೂ ಬೇಕು. ಗೋಡೌನಿನೊಳಗೆ ನೀರು ಸೋರಿ ಮೊಳೆ ಎಲ್ಲ ತುಕ್ಕು ಹಿಡೀತಿದೆ, ಯಾರಿಗೆ ಬೇಡ? ನನಗಿರೋದು ಒಂದೇ ಭಯ. ಮೊದಲು ನಮಗೆ ಎದುರು ಬಯಲಲ್ಲಿ ತಗಡಿನ ಮಳಿಗೆ ಹಾಕಿಕೊಡಲಿ, ಆಮೇಲೆ ಒಡೀಲಿ. ಅಷ್ಟು ಮಾಡಿದ್ರೆ ಮೊದಲ ಹಾರೆ ನನ್ನ ಅಂಗಡಿಯಿಂದಲೇ ಕೊಡ್ತೀನಿ!"

"ಹಾರೆ ನಾನು ಹಿಡೀತೀನಿ!" ಎಂದರು ಅತ್ತೆ. ಹಾಲಿಗೆ ಹಾಲೇ ನಕ್ಕಿತು.

ಆ ನಗುವಿನ ಹಿಂದೆಯೇ ಟೈಲರು ಎದ್ದ. "ನನಗೂ ಬೇಕು." ಕೊನೆಯ ಮನೆಯ ನರ್ಸಮ್ಮ ಎದ್ದಳು, ಅವಳ ಪಕ್ಕದ ಮನೆಯವರು ಎದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, "ನಿಮಗೂ ಬೇಕಿತ್ತಾ?" "ಅಯ್ಯೋ, ಮೊದಲಿಂದ!" ಎಂದುಕೊಂಡರು. ಆಮೇಲೆ ಯಾರು ಯಾವಾಗ ಎದ್ದರು ಎಂದು ಹೇಳುವುದು ಕಷ್ಟ. ಡ್ರೈವರು ಬೆಂಚಿನ ಮೇಲೆಯೇ ಹತ್ತಿ ನಿಂತು ಎರಡೂ ಕೈ ಎತ್ತಿದ. ಈ ಸಲ ಅವನು ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ.

ಅಧ್ಯಕ್ಷೆ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ತಗಡಿನ ಮಳಿಗೆ ಮೊದಲು, ಕೆಡವುವುದು ಆಮೇಲೆ ಎಂಬ ಮಾತನ್ನು ಸೇರಿಸಿ, ಸಮಿತಿಯವರ ಕೈ ಎಣಿಸಿ, ಬಡಾವಣೆಯ ಅಂಗಡಿ ಸಾಲು ಇಂದಿನಿಂದ ಪುನರಭಿವೃದ್ಧಿ ವಲಯ ಎಂದು ಸಾರಿದರು. ಮೇಷ್ಟ್ರು ಸಾಹುಕಾರನನ್ನು ತಬ್ಬಿಕೊಂಡರು. ಸಾಹುಕಾರ ಬಿಡಿಸಿಕೊಳ್ಳಲು ನೋಡಿ, ಆಗದೆ, ತಾನೂ ತಬ್ಬಿದ. ಸೊಸೆ ಅತ್ತೆಯ ಪಕ್ಕದಲ್ಲಿ ಕೂತಳು. ಆಚೆ ತುದಿಯ ಪಾರ್ಲರಿಗೆ ನಾಳೆ ಏನು ಹೇಳಬೇಕೆಂದು ಅವಳಿಗೆ ಈಗ ಗೊತ್ತಿತ್ತು.

ಜನ ಇನ್ನೂ ಚದುರಿರಲಿಲ್ಲ. ಮೊದಲ ಹಕ್ಕು ಯಾರು ಯಾರಿಗೆ ಎಂದು ಅಲ್ಲೇ ಗೊತ್ತುಮಾಡಿಬಿಡೋಣ ಎಂದು ಅಧ್ಯಕ್ಷೆ ಹೇಳಿದ್ದರಿಂದ ನಗರಸಭೆಯ ಎಂಜಿನಿಯರು ಮೈಕು ಹಿಡಿದು ನಿಂತಿದ್ದ. ಅವನು ಅಂಗಡಿಯ ಹೆಸರು ಕೂಗುವುದು, ಅದರವರು ಸರಿ ಎನ್ನುವುದು, ಅವನು ಬರೆದುಕೊಳ್ಳುವುದು. ಹಾರ್ಡ್‌ವೇರು ಒಂದು, ಸರಿ. ಔಷಧಿ ಅಂಗಡಿ ಒಂದು, ಸರಿ. ಟೈಲರು ಒಂದು, ಸರಿ.

"ಮಹಡಿ ಮೇಲೆ, ಕಟಿಂಗ್ ಶಾಪು, ಒಂದು. ಸರಿ ತಾನೆ ಯಜಮಾನ್ರೇ?"

ಸಾಹುಕಾರ ಮಾವನ ಪರವಾಗಿ ತಾನೇ ಹೂಂ ಅಂದುಬಿಟ್ಟ, ಸುತ್ತಲಿನವರು ನಕ್ಕರು. ಎಂಜಿನಿಯರು ಒಂದು ಎಂದು ಬರೆದು ಮುಂದಿನ ಹೆಸರಿಗೆ ಹೋಗಿದ್ದ.

"ಅಲ್ಲ," ಎಂದರು ಮಾವ.

ಎಂಜಿನಿಯರು ತಲೆ ಎತ್ತಿದ. ನಗುತ್ತಿದ್ದವರ ಬಾಯಿ ಹಾಗೇ ತೆರೆದುಕೊಂಡಿತು. ಆ ಬಾಯಿಂದ ಆ ಮಾತನ್ನು ಅಲ್ಲಿ ಯಾರೂ ಕೇಳಿದವರಿರಲಿಲ್ಲ, ಅತ್ತೆ ಕೂಡ.

"ಅಲ್ಲ. ಎರಡು. ಒಂದು ನನ್ನದು, ಇನ್ನೊಂದು ನನ್ನ ಸೊಸೇದು. ಅವಳ ಅಂಗಡಿಗೆ ಬೇರೆ ಬಾಗಿಲು ಇರಬೇಕು, ರಸ್ತೆ ಕಡೆಗೆ."

"ಆದರೆ ನಮ್ಮ ಲೆಕ್ಕದಲ್ಲಿ ಅಲ್ಲಿ ಒಂದೇ..."

"ಅಲ್ಲ ಅಂದೆನಲ್ಲಪ್ಪ," ಎಂದರು ಮಾವ ಸಮಾಧಾನವಾಗಿ. "ಬಂದು ನೋಡು. ಅರ್ಧ ಊರಿನ ಹೆಂಗಸರು ಅವಳ ಗಿರಾಕಿಗಳು."

"ಹೌದು, ಎರಡೇ!" ಎಂದು ನರ್ಸಮ್ಮ ಕೂಗಿದಳು. ಎರಡು, ಎರಡು ಎಂದು ಹೆಂಗಸರ ಸಾಲು ಪೂರ್ತಿ ಕೂಗಿತು. ಅಧ್ಯಕ್ಷೆ ಎಂಜಿನಿಯರಿಗೆ ಆಗಲಿ ಎಂದು ತಲೆಯಾಡಿಸಿದರು.

ಸೊಸೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು, ಸಂತೋಷ ತಡೆಯಲಾರದೆ, ನಾಚಿಕೆಯಿಲ್ಲದೆ, ಜೋರಾಗಿಯೇ. ಅತ್ತೆ ಮೊಣಕೈಯಿಂದ ತಿವಿದರು. "ಅತ್ತಿದ್ದು ಸಾಕು. ಎದ್ದು ನಿಂತ್ಕೋ. ಆ ಎರಡನೇ ಅಂಗಡಿ ಯಜಮಾನಿ ಯಾರು ಅಂತ ಜನ ನೋಡಲಿ."

ಸೊಸೆ ಕಣ್ಣೊರೆಸಿಕೊಂಡು ಎದ್ದು ನಿಂತಳು. ಎಂಜಿನಿಯರು ಒಂದನ್ನು ಹೊಡೆದು ಹಾಕಿ ಎರಡು ಎಂದು ಬರೆದ.